ಕೋಣೆಯೊಳಗಿನ ಗುನುಗು ಕೇಳಿಸುವ ಪುಟ್ಟ ಆಂಪ್ಲಿಫೈಯರ್

ಯಾರೋ ಕದ್ದು ಕೇಳುತ್ತಿದ್ದಾರೆಂಬ ಅಳುಕು ಒಮ್ಮೆ ಹೊಕ್ಕರೆ ಗೋಡೆ ಗಡಿಯಾರದ ಮೇಲೂ ಅನುಮಾನ ಬರುತ್ತದೆ. ಊಹಿಸುತ್ತಾ ಕೂರುವ ಬದಲು ಕಿವಿಯಿಂದಲೇ ಪರೀಕ್ಷಿಸಬಹುದು. ಕರೆಂಟಿನಲ್ಲಿ ನಡೆಯುವ ಪ್ರತಿ ಸಾಧನವೂ ತನ್ನ ಸುತ್ತ ಒಂದಿಷ್ಟು ಕಾಂತಕ್ಷೇತ್ರ ಹರಡುತ್ತದೆ. ಅದನ್ನು ತಂತಿಯ ಸುರುಳಿಯಲ್ಲಿ ಹಿಡಿದು, 200 ಪಟ್ಟು ಹಿಗ್ಗಿಸಿ ಇಯರ್‌ಫೋನಿಗೆ ಕೊಟ್ಟರೆ ರೌಟರ್, ಚಾರ್ಜರ್, ಮೊಬೈಲ್ ಒಂದೊಂದೂ ತನ್ನದೇ ದನಿಯಲ್ಲಿ ಕೇಳಿಸುತ್ತದೆ. ಬೆಸುಗೆ ಹಾಕಿ ಅಭ್ಯಾಸವಿದ್ದವರಿಗೆ ಇದು ಒಂದು ಸಂಜೆಯ ಕೆಲಸ.

ಮೊದಲೇ ಒಂದು ಮಾತು. ಇಲ್ಲಿ ಏನೋ ಚಾಲೂ ಇದೆ ಎಂದಷ್ಟೇ ಈ ಪೆಟ್ಟಿಗೆ ತಿಳಿಸುತ್ತದೆ. ಯಾರಾದರೂ ಕೇಳುತ್ತಿದ್ದಾರೆಯೇ ಎಂಬುದನ್ನು ತಿಳಿಸದು. ಮೊಬೈಲಿನೊಳಗೇ ಕೂತ ಬೇಹುಗಾರಿಕೆ ತಂತ್ರಾಂಶವನ್ನೂ ಇದು ಹಿಡಿಯದು. ಆ ತಂತ್ರಾಂಶ ಕಳಿಸುವ ಮಾಹಿತಿ ಮೊಬೈಲಿನ ಮಾಮೂಲಿ ಸಂಕೇತಗಳ ಜೊತೆಗೇ ಹೊರಗೆ ಹೋಗುತ್ತದೆ.

ಬೇಕಾಗುವ ಸಾಮಾನು

ಮುಖ್ಯ ಭಾಗ ಎಲ್‌ಎಂ386ಎನ್-1 ಐಸಿ (ಸಂಕೇತ ಹಿಗ್ಗಿಸುವ ಚಿಪ್), ಜೊತೆಗೆ 8 ಪಿನ್ನಿನ ಸಾಕೆಟ್. ಕೆಪಾಸಿಟರ್‌ಗಳಲ್ಲಿ 10 ಮೈಕ್ರೋಫ್ಯಾರಡ್‌ನವು ಎರಡು, 100 ಮತ್ತು 220 ಮೈಕ್ರೋಫ್ಯಾರಡ್‌ನವು ಒಂದೊಂದು (ಎಲ್ಲವೂ 16 ವೋಲ್ಟಿನವು), 0.1 ಮೈಕ್ರೋಫ್ಯಾರಡ್‌ನವು ಎರಡು, 47 ನ್ಯಾನೋಫ್ಯಾರಡ್‌ನದು ಒಂದು. 10 ಓಮ್ ಮತ್ತು 220 ಓಮ್ ರೆಸಿಸ್ಟರ್, 10 ಕಿಲೋ ಓಮ್ ವಾಲ್ಯೂಮ್ ಕಂಟ್ರೋಲ್, 9 ವೋಲ್ಟ್ ಬ್ಯಾಟರಿ, ಸ್ವಿಚ್, ಇಯರ್‌ಫೋನ್ ಜ್ಯಾಕ್. ಸುರುಳಿಗೆ 10 ಮಿಲಿಹೆನ್ರಿ ಇಂಡಕ್ಟರ್ ಸಾಕು. ಸುತ್ತ ಲೋಹದ ಕವಚವಿಲ್ಲದ್ದನ್ನೇ ಆರಿಸಿ. ಕವಚವಿದ್ದರೆ ಕ್ಷೇತ್ರ ಒಳಗೆ ಬರುವುದಿಲ್ಲ. ಸ್ವತಃ ಸುತ್ತುವುದಾದರೆ ಬೆರಳುದ್ದದ ಫೆರೈಟ್ ಕಡ್ಡಿಗೆ 0.2 ಮಿಲಿಮೀಟರ್ ಎನಾಮೆಲ್ ತಂತಿಯನ್ನು 500 ಸುತ್ತು ಸುತ್ತಿ. ತುದಿಗಳಲ್ಲಿ ಎನಾಮೆಲ್ ಕೆರೆಯದೆ ಬೆಸುಗೆ ಹಾಕಿದರೆ ಸಂಪರ್ಕ ಸಿಗುವುದಿಲ್ಲ. ಹೊಸಬರು ಬಹಳ ಸಲ ಎಡವುವುದು ಇಲ್ಲೇ.

ಜೋಡಣೆ

ಐಸಿಯ ಒಂದು ತುದಿಯಲ್ಲಿರುವ ಕಚ್ಚಿನ ಗುರುತು ಮೇಲಕ್ಕೆ ಬರುವಂತೆ ಹಿಡಿದರೆ ಎಡಗಡೆ ಮೇಲಿನದು 1ನೇ ಪಿನ್. ಅಲ್ಲಿಂದ ಕೆಳಗಿಳಿದು, ಬಲಗಡೆ ಮೇಲಕ್ಕೆ ಹತ್ತುತ್ತಾ ಎಣಿಸಬೇಕು. 2 ಮತ್ತು 4ನ್ನು ಬ್ಯಾಟರಿಯ ಋಣ ತುದಿಗೆ, ಅಂದರೆ ಗ್ರೌಂಡಿಗೆ ಸೇರಿಸಿ. ಧನ ತುದಿ ಸ್ವಿಚ್ಚಿನ ಮೂಲಕ 6ಕ್ಕೆ ಹೋಗಲಿ. 6ರಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಒಂದು 0.1ನ್ನೂ ಐಸಿಗೆ ಒತ್ತಿಕೊಂಡಂತೆ ಹಾಕಿ. 7ರಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್.

1 ಮತ್ತು 8ನ್ನು ಖಾಲಿ ಬಿಟ್ಟರೆ ಐಸಿ 20 ಪಟ್ಟು ಮಾತ್ರ ಹಿಗ್ಗಿಸುತ್ತದೆ. ನಡುವೆ 10 ಮೈಕ್ರೋಫ್ಯಾರಡ್ ಹಾಕಿದರೆ 200 ಪಟ್ಟು. ಅದರ ಧನ ಕಾಲು 1ನೇ ಪಿನ್ನಿಗೆ. ಸುರುಳಿಯಲ್ಲಿ ಹುಟ್ಟುವ ಸಂಕೇತ ತೀರಾ ಕ್ಷೀಣವಾದ್ದರಿಂದ ನಮಗೆ 200 ಬೇಕೇ ಬೇಕು.

5 ಹೊರಹೋಗುವ ಪಿನ್. ಅಲ್ಲಿಂದ ಗ್ರೌಂಡಿಗೆ 10 ಓಮ್ ಮತ್ತು 47 ನ್ಯಾನೋಫ್ಯಾರಡ್ ಒಂದರ ಹಿಂದೊಂದು. ಇದೇನೂ ಮಾಡದಂತೆ ಕಾಣುತ್ತದೆ, ಆದರೆ ಇದಿಲ್ಲದಿದ್ದರೆ ಐಸಿ ನಮಗೆ ಕೇಳಿಸದ ಎತ್ತರದ ಕಂಪನಾಂಕದಲ್ಲಿ ತಾನೇ ಕಂಪಿಸತೊಡಗಿ ಬಿಸಿಯಾಗುತ್ತದೆ. ಅದೇ 5ರಿಂದ 220 ಮೈಕ್ರೋಫ್ಯಾರಡ್, ಬಳಿಕ 220 ಓಮ್, ಆಮೇಲೆ ಜ್ಯಾಕ್. ಈ 220 ಓಮನ್ನು ಬಿಡಬೇಡಿ. ಮೊಬೈಲಿನ ಪಕ್ಕಕ್ಕೆ ಸುರುಳಿ ಹೋದಾಗ ಸದ್ದು ಒಮ್ಮೆಲೇ ಸಿಡಿಯುತ್ತದೆ, ಕಿವಿಗೆ ಅದೊಂದೇ ರಕ್ಷಣೆ. ಇಷ್ಟಿದ್ದರೂ ವಾಲ್ಯೂಮನ್ನು ಸೊನ್ನೆಗಿಳಿಸಿದ ಮೇಲೆಯೇ ಇಯರ್‌ಫೋನ್ ಹಾಕಿಕೊಳ್ಳಿ.

ಸುರುಳಿಯ ಒಂದು ತುದಿ ಗ್ರೌಂಡಿಗೆ. ಇನ್ನೊಂದು ತುದಿ ಉಳಿದ 0.1ರ ಮೂಲಕ ವಾಲ್ಯೂಮ್ ಕಂಟ್ರೋಲಿನ ಒಂದು ಬದಿಯ ಕಾಲಿಗೆ. ಅದರ ಮತ್ತೊಂದು ಬದಿ ಗ್ರೌಂಡಿಗೆ, ನಡುವಿನ ಕಾಲು 3ನೇ ಪಿನ್ನಿಗೆ. ಈ 0.1 ಮೈಕ್ರೋಫ್ಯಾರಡ್ ಮತ್ತು 10 ಕಿಲೋ ಓಮ್ ಸೇರಿ ಸುಮಾರು 160 ಹರ್ಟ್ಸಿಗಿಂತ ಕೆಳಗಿನ ಸದ್ದನ್ನು ತಗ್ಗಿಸುತ್ತವೆ. ಗೋಡೆಯೊಳಗಿನ ವೈರಿಂಗಿನ 50 ಅಥವಾ 60 ಹರ್ಟ್ಸ್ ಗುಂಯ್‌ಗುಡುವಿಕೆ ಇಳಿದು ಉಳಿದ ದನಿಗಳಿಗೆ ಜಾಗವಾಗುತ್ತದೆ. ಇನ್ನೂ ಒಳ್ಳೆಯದಿರಲಿ ಎಂದು 1 ಮೈಕ್ರೋಫ್ಯಾರಡ್ ಹಾಕಿದರೆ ಗುಂಯ್ ಎಂಬುದೊಂದೇ ಕೇಳಿಸೀತು.

ಐಸಿಯನ್ನು ಸಾಕೆಟ್ಟಿಗೆ ಕೂರಿಸಿ ಮಲ್ಟಿಮೀಟರಿನಲ್ಲಿ ಅಳೆಯಿರಿ. 6ರಲ್ಲಿ 9 ವೋಲ್ಟ್, 5ರಲ್ಲಿ ಅದರ ಅರ್ಧ, ಅಂದರೆ ಸುಮಾರು 4.5 ಇರಬೇಕು. 5ರಲ್ಲಿ ಸೊನ್ನೆಯೋ ಪೂರ್ತಿ 9 ವೋಲ್ಟೋ ಬಂದರೆ ಬ್ಯಾಟರಿ ತೆಗೆದು ಬೆಸುಗೆಗಳನ್ನು ಮತ್ತೆ ನೋಡಿ.

ತಕರಾರು ಮಾಡಿದರೆ

ಇಯರ್‌ಫೋನಿನಲ್ಲಿ ಪಟಪಟ ಎಂದು ದೋಣಿಯ ಎಂಜಿನ್ನಿನಂಥ ಸದ್ದು ಬಂದರೆ ಬ್ಯಾಟರಿ ಸೋತಿದೆ, ಇಲ್ಲವೇ 100 ಮೈಕ್ರೋಫ್ಯಾರಡ್ ಐಸಿಯಿಂದ ದೂರವಿದೆ. ವಾಲ್ಯೂಮ್ ಏರಿಸಿದೊಡನೆ ಸಿಳ್ಳೆ ಹೊಡೆದರೆ ಸುರುಳಿಯ ತಂತಿ ಇಯರ್‌ಫೋನಿನ ತಂತಿಗೆ ತೀರಾ ಹತ್ತಿರವಿದೆ. ಒಂದನ್ನು ಪೆಟ್ಟಿಗೆಯ ಈ ಕಡೆ, ಇನ್ನೊಂದನ್ನು ಆ ಕಡೆ ತನ್ನಿ. ರೇಡಿಯೊ ಕೇಂದ್ರದ ಹಾಡು ಕೇಳಿಸಿದರೆ 3ನೇ ಪಿನ್ನಿನಿಂದ ಗ್ರೌಂಡಿಗೆ 1 ನ್ಯಾನೋಫ್ಯಾರಡ್ ಹಾಕಿ. ಸುರುಳಿಗೆ ಅರ್ಧ ಮೀಟರಿಗಿಂತ ಉದ್ದದ ತಂತಿ ಬೇಕಾದರೆ ಶೀಲ್ಡ್ (ಸುತ್ತ ಲೋಹದ ಹೆಣಿಗೆ) ಇರುವುದನ್ನೇ ಬಳಸಿ.

ದನಿಗಳ ಪರಿಚಯ

ಹುಡುಕುವ ಮೊದಲು ನಿಮ್ಮವೇ ಸಾಧನಗಳ ದನಿ ಕಲಿಯಿರಿ. ಇದಕ್ಕೆ ಅವಸರ ಬೇಡ. ಜಿಎಸ್‌ಎಂ (2ಜಿ) ಮೊಬೈಲ್ 4.615 ಮಿಲಿಸೆಕೆಂಡಿಗೊಮ್ಮೆ ಸಂಕೇತ ಚಿಮ್ಮಿಸುವುದರಿಂದ 217 ಹರ್ಟ್ಸಿನ ಒರಟು 'ಡರ್‌ರ್' ಕೇಳಿಸುತ್ತದೆ. 4ಜಿಯಲ್ಲಿ ಇಷ್ಟು ಸ್ಪಷ್ಟ ತಾಳವಿಲ್ಲ, ಬಿಟ್ಟುಬಿಟ್ಟು ಕೆರೆದಂತಿರುತ್ತದೆ. ವೈಫೈ ರೌಟರ್ ಸಾಮಾನ್ಯವಾಗಿ ಸೆಕೆಂಡಿಗೆ ಹತ್ತರಷ್ಟು ಸಲ ತನ್ನ ಇರವನ್ನು ಸಾರುತ್ತದೆ. ಹತ್ತಿರ ಹಿಡಿದರೆ ಅದು ಟಿಕ್‌ಟಿಕ್ ಎಂದು ಕೇಳಿಸಬಹುದು. ಚಾರ್ಜರ್, ಎಲ್‌ಇಡಿ ಬಲ್ಬುಗಳದು ಕೀರಲು ದನಿ.

ಆಮೇಲೆ ಎಲ್ಲವನ್ನೂ ಆರಿಸಿ, ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು ಬನ್ನಿ. ಸುರುಳಿಯನ್ನು ಗೋಡೆ, ಮೇಜಿನ ಅಡಿ, ಎಕ್ಸ್‌ಟೆನ್ಷನ್ ಬೋರ್ಡ್, ಹೊಗೆ ಪತ್ತೆ ಸಾಧನದ ಹತ್ತಿರ 2-3 ಸೆಂಟಿಮೀಟರ್ ಅಂತರದಲ್ಲಿ ನಿಧಾನವಾಗಿ ಸರಿಸಿ. ತನ್ನ ಉದ್ದಕ್ಕೆ ಹಾಯುವ ಕ್ಷೇತ್ರವಷ್ಟೇ ಸುರುಳಿಗೆ ತಾಕುವುದರಿಂದ ಪ್ರತಿ ಜಾಗದಲ್ಲೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ತಿರುಗಿಸಿ. ಏನನ್ನೂ ರವಾನಿಸದೆ ಮೆಮೊರಿ ಕಾರ್ಡಿಗೆ ಮಾತು ತುಂಬಿಕೊಳ್ಳುವ ರೆಕಾರ್ಡರ್ ಕೂಡ ಒಳಗಿನ ಪ್ರೊಸೆಸರಿನ ಸಣ್ಣ ಕೀರಲಿನಿಂದ ಸಿಕ್ಕಿಬೀಳಬಹುದು, ಸುರುಳಿ ಅಷ್ಟು ಹತ್ತಿರ ಹೋದರೆ ಮಾತ್ರ.

ಮೌನವನ್ನು ನಂಬಬೇಡಿ

ರೇಡಿಯೊ ಅಲೆಗಳಿಗೆ ಇನ್ನೊಂದು ಮೂತಿ ಜೋಡಿಸಬಹುದು. 8 ಸೆಂಟಿಮೀಟರ್ ತಂತಿ ಆಂಟೆನಾ (900 ಮೆಗಾಹರ್ಟ್ಸಿನ ಅಲೆಯುದ್ದದ ಕಾಲುಭಾಗ), ಅದಕ್ಕೆ 100 ಪೈಕೋಫ್ಯಾರಡ್. ಅದರ ಇನ್ನೊಂದು ಕಾಲಿಗೆ ಎರಡು ಡಯೋಡ್: ಒಂದು ಗ್ರೌಂಡಿನಿಂದ ಅಲ್ಲಿಗೆ, ಮತ್ತೊಂದು ಅಲ್ಲಿಂದ ಮುಂದಕ್ಕೆ. ಎರಡನೆಯದರ ತುದಿಯಿಂದ ಗ್ರೌಂಡಿಗೆ 1 ನ್ಯಾನೋಫ್ಯಾರಡ್ ಮತ್ತು 100 ಕಿಲೋ ಓಮ್. ಈ ತುದಿಯನ್ನು ಸುರುಳಿಯ ಜಾಗಕ್ಕೆ ಸೇರಿಸಿ. ಡಯೋಡ್ 1ಎನ್34ಎ ಅಥವಾ 1ಎನ್5711 ಆಗಿರಲಿ. ಮಾಮೂಲಿ 1ಎನ್4148 ಸುಮಾರು 0.6 ವೋಲ್ಟ್ ಬೇಡುತ್ತದೆ, ಕ್ಷೀಣ ಸಂಕೇತ ಅಲ್ಲೇ ಸಾಯುತ್ತದೆ. ಕಾಲುಗಳನ್ನು ಆದಷ್ಟು ಗಿಡ್ಡ ಮಾಡಿ.

ಈ ಮೂತಿಗೆ ಒಂದು ದೊಡ್ಡ ಕೊರತೆಯಿದೆ. ಎಫ್‌ಎಂನಲ್ಲಿ ಮಾತು ರವಾನಿಸುವ ಸಾಧನದ ಅಲೆಯ ಬಲ ಏರಿಳಿಯುವುದಿಲ್ಲ. ಡಯೋಡ್ ಅದನ್ನು ಒಂದೇ ಮಟ್ಟದ ವೋಲ್ಟೇಜ್ ಮಾಡುತ್ತದೆ, ಆ ವೋಲ್ಟೇಜನ್ನು ನಮ್ಮ 0.1 ಕೆಪಾಸಿಟರ್ ತಡೆದುಬಿಡುತ್ತದೆ. ರವಾನೆ ನಡೆಯುತ್ತಲೇ ಇರುತ್ತದೆ, ಇಯರ್‌ಫೋನಿನಲ್ಲಿ ಮಾತ್ರ ಏನೂ ಇಲ್ಲ! ಆದ್ದರಿಂದ ಮಲ್ಟಿಮೀಟರನ್ನು 200 ಮಿಲಿವೋಲ್ಟ್ ಡಿಸಿಗಿಟ್ಟು 1 ನ್ಯಾನೋಫ್ಯಾರಡ್‌ನ ಎರಡು ಕಾಲುಗಳಿಗೆ ಹಿಡಿದುಕೊಂಡೇ ಓಡಾಡಿ. ಅಂಕಿ ಒಂದೆಡೆ ಸಟ್ಟನೆ ಏರಿದರೆ ಅಲ್ಲಿ ಹುಡುಕಿ. 88ರಿಂದ 108 ಮೆಗಾಹರ್ಟ್ಸಿನೊಳಗೆ ರವಾನಿಸುವಂಥದ್ದಕ್ಕೆ ಸಾಧಾರಣ ಎಫ್‌ಎಂ ರೇಡಿಯೊವೇ ಸಾಕು. ಸ್ಪೀಕರಿನ ದನಿ ಜೋರು ಮಾಡಿ ಮುಳ್ಳನ್ನು ನಿಧಾನ ತಿರುಗಿಸಿದರೆ, ತನ್ನದೇ ಸದ್ದು ಮರಳಿ ಬಂದು ರೇಡಿಯೊ ಕಿರುಚುತ್ತದೆ.

ಯಾವ ಸದ್ದನ್ನೂ ಹೊರಡಿಸದ ಸಾಧನಗಳೂ ಇವೆ. 1945ರಲ್ಲಿ ಸೋವಿಯತ್ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಅವೆರೆಲ್ ಹ್ಯಾರಿಮನ್ ಅವರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಷ್ಟ್ರಲಾಂಛನವನ್ನು ಉಡುಗೊರೆಯಾಗಿ ಕೊಟ್ಟರು. ಅದರೊಳಗೆ ರಷ್ಯಾದ ಸಂಶೋಧಕ ಲೆವ್ ಥೆರೆಮಿನ್ ರೂಪಿಸಿದ, ಕದ್ದು ಕೇಳುವ ಕಿವಿಯೊಂದಿತ್ತು. ಅದಕ್ಕೆ ಬ್ಯಾಟರಿಯೇ ಇರಲಿಲ್ಲ. ಹೊರಗಿನಿಂದ ರೇಡಿಯೊ ಅಲೆ ಹಾಯಿಸಿದಾಗಷ್ಟೇ ಜೀವ ಬರುತ್ತಿತ್ತು. ಅದು ಪತ್ತೆಯಾದದ್ದು 1952ರಲ್ಲಿ. ಅಲೆ ಹಾಯಿಸದ ಹೊತ್ತಿನಲ್ಲಿ ನಮ್ಮ ಸುರುಳಿ ಅದರ ಮೇಲೆಯೇ ಕೂತಿದ್ದರೂ ಸುಮ್ಮನಿರುತ್ತಿತ್ತು.

ಸಿಮ್ ಹಾಕಿದ ಸಾಧನಗಳೂ ಕರೆ ಬರುವವರೆಗೆ ಹೆಚ್ಚುಕಡಿಮೆ ಮೌನವಾಗಿರುತ್ತವೆ, ನಡುವೆ ಎಂದೋ ಒಮ್ಮೆ ಜಾಲಕ್ಕೆ ತಮ್ಮ ಇರವು ತಿಳಿಸುತ್ತವೆ. ಹತ್ತು ನಿಮಿಷದ ಹುಡುಕಾಟಕ್ಕೆ ಅವು ಸಿಗುವುದಿಲ್ಲ. ಅನುಮಾನದ ಜಾಗದಲ್ಲಿ ಸುರುಳಿಯನ್ನು ಅಂಟಿಸಿ, ಜ್ಯಾಕನ್ನು ರೆಕಾರ್ಡರಿನ ಲೈನ್-ಇನ್‌ಗೆ ಕೊಟ್ಟು ರಾತ್ರಿಯಿಡೀ ಬಿಡಿ. ಐಸಿ ಸುಮ್ಮನಿರುವಾಗ 4ರಿಂದ 8 ಮಿಲಿಯಾಂಪಿಯರ್ ಮಾತ್ರ ಎಳೆಯುತ್ತದೆ, ಹೊಸ ಬ್ಯಾಟರಿ ಬೆಳಗಿನವರೆಗೆ ಧಾರಾಳವಾಗಿ ಬರುತ್ತದೆ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಧ್ವನಿಯ ಅಲೆರೂಪ ತೆರೆದು ನೋಡಿ, 217 ಹರ್ಟ್ಸಿನ ಗೊಂಚಲು ಯಾವ ಹೊತ್ತಿಗೆ ಬಂದಿದೆಯೆಂದು ಬರೆದಿಟ್ಟುಕೊಳ್ಳಿ.