ಬಾಯಿ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಫೋನನ್ನು ಹೀಗೆ ಬಳಸಿಕೊಳ್ಳಿ

ಆಪರೇಷನ್ ಆಯ್ತು, ರೇಡಿಯೇಷನ್ ಮುಗೀತು, ಮನೆಗೆ ಬಂದಾಯ್ತು. ಇನ್ನು ಡಾಕ್ಟರ್ ಸಿಗುವುದು ಯಾವಾಗಲೋ ಒಮ್ಮೆ. ಆದರೆ ಬಾಯಿ ಒಣಗುವುದು, ದವಡೆ ಬಿಗಿಯುವುದು, ತುತ್ತು ಗಂಟಲಲ್ಲೇ ನಿಲ್ಲುವುದು ದಿನಾ ಇದ್ದದ್ದೇ, ಅಲ್ವಾ? ಈ ನಡುವಿನ ದಿನಗಳಲ್ಲಿ ಫೋನು ನಿಜಕ್ಕೂ ಆಸರೆಯಾಗುತ್ತದೆ.

ಮೊದಲು ದವಡೆ. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ 35 ಮಿಲಿಮೀಟರ್ ಕೂಡ ಬಾಯಿ ತೆರೆಯಲಾಗದಿದ್ದರೆ ಅದನ್ನು ಟ್ರಿಸ್ಮಸ್ ಎನ್ನುತ್ತಾರೆ. ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಇದು ಸದ್ದಿಲ್ಲದೆ ಬಿಗಿಯುತ್ತಾ ಹೋಗುತ್ತದೆ, ಗೊತ್ತಾಗುವ ಹೊತ್ತಿಗೆ ಚಮಚ ಒಳಗೆ ಹೋಗುವುದೇ ಕಷ್ಟವಾಗಿರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಸ್ಕೇಲ್ ಹಿಡಿದು ಅಳೆದು, ಫೋನಿನಲ್ಲಿ ಬರೆದಿಡಿ. ಎರಡು ವಾರ ಸಾಲಾಗಿ ಕಡಿಮೆಯಾದರೆ ಮುಂದಿನ ಭೇಟಿಗೆ ಕಾಯಬೇಡಿ, ಫೋನ್ ಮಾಡಿ.

ವ್ಯಾಯಾಮಕ್ಕೆ ಸಿಕ್ಕಸಿಕ್ಕ ವಿಡಿಯೋ ನೋಡಬೇಡಿ. ದವಡೆಗೆ ಪ್ಲೇಟ್ ಹಾಕಿದ್ದರೆ, ಬೇರೆ ಕಡೆಯಿಂದ ಮೂಳೆ ತಂದು ಜೋಡಿಸಿದ್ದರೆ ಎಷ್ಟು ಎಳೆಯಬಹುದು ಅನ್ನುವುದು ನಿಮ್ಮ ಡಾಕ್ಟರಿಗೇ ಗೊತ್ತು. ಫಿಸಿಯೋಥೆರಪಿಸ್ಟ್ ಮತ್ತು ಸ್ಪೀಚ್ ಥೆರಪಿಸ್ಟ್ ಮಾಡಿ ತೋರಿಸುವಾಗ ಅವರನ್ನು ಕೇಳಿ ನಿಮ್ಮ ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ದಿನಕ್ಕೆ ಎಷ್ಟು ಸಲ ಅಂದಿದ್ದಾರೋ ಅಷ್ಟು ಅಲಾರಂ ಇಡಿ. ಕತ್ತಿನ ಗಂಟುಗಳನ್ನು ತೆಗೆದಿದ್ದರೆ ಭುಜದ ವ್ಯಾಯಾಮವೂ ಇದೇ ಸಾಲಿಗೆ ಸೇರಲಿ.

ತೂಕವನ್ನೂ ವಾರಕ್ಕೊಮ್ಮೆ ಬರೆಯಿರಿ. ಡಾಕ್ಟರ ಜೊತೆ ವಿಡಿಯೋ ಕಾಲ್ ಇದ್ದರೆ ಅದಕ್ಕೆ ಮುಂಚೆ ಅವರಿಗೆ ಮೂರೇ ಸಾಲು ಕಳಿಸಿ: ಬಾಯಿ ಎಷ್ಟು ತೆರೆಯುತ್ತದೆ, ತೂಕ ಎಷ್ಟು, ಯಾವುದು ನುಂಗಲು ಆಗುತ್ತಿಲ್ಲ. ಉದ್ದ ಕಥೆ ಬರೆದರೆ ಮುಖ್ಯವಾದದ್ದೇ ಕಳೆದುಹೋಗುತ್ತದೆ.

ಡಿಸ್ಚಾರ್ಜ್ ಸಾರಾಂಶದ ಫೋಟೋ ಸದಾ ಫೋನಿನಲ್ಲಿರಲಿ. ಇದು ಬಹಳ ಮುಖ್ಯ. ರೇಡಿಯೇಷನ್ ಬಿದ್ದ ದವಡೆಯಲ್ಲಿ ಸುಮ್ನೆ ಹಲ್ಲು ಕಿತ್ತರೆ ಮೂಳೆ ಮಾಯದೇ ಹೋಗಬಹುದು, ಎಷ್ಟೋ ವರ್ಷ ಕಳೆದಿದ್ದರೂ ಈ ಅಪಾಯ ಇದ್ದೇ ಇರುತ್ತದೆ. ಯಾವ ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಕೂತ ತಕ್ಷಣ ಆ ಫೋಟೋ ತೋರಿಸಿ. ಕತ್ತಿಗೆ ರೇಡಿಯೇಷನ್ ಆಗಿದ್ದವರು 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ಪರೀಕ್ಷೆಗೂ ರಿಮೈಂಡರ್ ಹಾಕಿಕೊಳ್ಳಿ.

ಇದೇ ಕಾಯಿಲೆಯಿಂದ ಚೇತರಿಸಿಕೊಂಡವರ ಗುಂಪು ಆನ್‌ಲೈನಿನಲ್ಲಿ ಸಿಕ್ಕರೆ ಸೇರಿ. ಮಾತು ತೊದಲುವಾಗ ಆಗುವ ಸಂಕೋಚ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಯಾರಾದರೂ ಪುಡಿ, ಕಷಾಯ ಮಾರಲು ಬಂದರೆ ಮಾತ್ರ ದೂರವಿರಿ.

ಎರಡು ವಾರವಾದರೂ ಮಾಯದ ಹುಣ್ಣು, ಕತ್ತಿನಲ್ಲಿ ಹೊಸ ಗಂಟು ಕಂಡರೆ ಫೋಟೋ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ, ನೇರವಾಗಿ ಹೋಗಿ ತೋರಿಸಿ. ಬಾಯಿಂದ ರಕ್ತ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ ಆ ಕ್ಷಣವೇ ಹೊರಡಿ.