ಹನೋಯ್‌ನಲ್ಲಿ ಗಂಟೆ ನೋಡಿ ಊಟ

ಮೊದಲ ದಿನ ಮಧ್ಯಾಹ್ನ ಎರಡೂವರೆಗೆ ವಿಯೆಟ್ನಾಂ ರಾಜಧಾನಿ ಹನೋಯ್‌ನ ಹಳೇ ಪೇಟೆಯಲ್ಲಿ ಬೂನ್ ಚಾ, ಅಂದರೆ ಸುಟ್ಟ ಹಂದಿಮಾಂಸ ಮತ್ತು ಶಾವಿಗೆ, ಹುಡುಕಿಕೊಂಡು ಹೊರಟೆ. ಫೋನಿನಲ್ಲಿ ಗುರುತು ಮಾಡಿಟ್ಟುಕೊಂಡಿದ್ದ ಮೂರು ಅಂಗಡಿಗಳಲ್ಲೂ ಒಲೆ ಆರಿತ್ತು. ಒಂದು ಕಡೆ ಒಬ್ಬರು ಹೆಂಗಸು ಫುಟ್‌ಪಾತ್ ತೊಳೆಯುತ್ತಿದ್ದರು, ನನ್ನ ಮುಖ ನೋಡಿ ಮುಗೀತು ಅನ್ನುವ ಹಾಗೆ ಕೈ ಅಲ್ಲಾಡಿಸಿದರು. ಯಾವ ಅಂಗಡಿ ಚೆನ್ನಾಗಿದೆ ಅಂತ ವಾರಗಟ್ಟಲೆ ಓದಿಕೊಂಡು ಹೋಗಿದ್ದೆ. ಯಾವ ತಿಂಡಿ ಎಷ್ಟು ಗಂಟೆಗೆ ಅಂತ ಮಾತ್ರ ನೋಡಿರಲಿಲ್ಲ.

ಅಲ್ಲಿ ಒಂದು ಬೀದಿ ಅಂಗಡಿ ಅಂದರೆ ಹೆಚ್ಚಾಗಿ ಒಂದೇ ತಿಂಡಿ. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ ಮುದ್ದೆ ಇದೆಯಾ ಅಂತ ಕೇಳುತ್ತೇವಾ? ಹಾಗೇ. ಫೋ ಅನ್ನುವ ಅಕ್ಕಿ ಶಾವಿಗೆ ಸೂಪು ಮತ್ತು ಸೋಯ್ ಅನ್ನುವ ಅಂಟಕ್ಕಿ ಅನ್ನ ಬೆಳಗಿನ ತಿಂಡಿ, ಬೂನ್ ಚಾ ಮಧ್ಯಾಹ್ನಕ್ಕೆ, ಹೆಸರುಬೇಳೆ ತೆಂಗಿನಹಾಲು ಹಾಕಿದ ಚೇ ಅನ್ನುವ ಪಾಯಸದಂಥ ಸಿಹಿ ಸಂಜೆ ಕಡೆಗೆ. ಪಾತ್ರೆ ಖಾಲಿ ಆದರೆ ಅಂಗಡಿ ಎತ್ತುತ್ತಾರೆ. ಬೆಳಗ್ಗೆ ಸೋಯ್ ಮಾರಿದ ಜಾಗದಲ್ಲಿ ರಾತ್ರಿ ಇನ್ಯಾರೋ ಇನ್ನೇನೋ ಸುಡುತ್ತಿರುತ್ತಾರೆ.

ಮಾರನೇ ದಿನ ಹನ್ನೊಂದೂವರೆಗೇ ಹೋಗಿ ಕೂತೆ. ಹುಡುಕುವುದೇ ಬೇಕಾಗಲಿಲ್ಲ, ಕೆಂಡದ ಮೇಲೆ ಹಂದಿ ಸುಡುವ ಹೊಗೆ ಬೀದಿ ತುದಿಗೇ ಬಂದು ಕರೆಯುತ್ತದೆ. ನಾನು ಕೊಡಗಿನವನು, ದನ ಬಿಟ್ಟರೆ ಉಳಿದಿದ್ದೆಲ್ಲ ನಡೆಯುತ್ತದೆ. ಒಂದು ಬಟ್ಟಲಿನಲ್ಲಿ ಸುಟ್ಟ ಮಾಂಸ, ಮೀನಿನ ಸಾಸು, ಸಕ್ಕರೆ, ಹುಳಿ ಬೆರೆಸಿದ ಬಿಸಿ ತಿಳಿ, ಅದರಲ್ಲಿ ತೇಲುವ ಪಪ್ಪಾಯಿ ಕಾಯಿಯ ಚೂರುಗಳು. ಪಕ್ಕದಲ್ಲಿ ಬೂನ್, ಅಂದರೆ ಅಪ್ಪಟ ಒತ್ತು ಶಾವಿಗೆ! ನಮ್ಮ ಮನೆಯಲ್ಲಿ ನೂಪುಟ್ಟಿಗೆ ಪಂದಿ ಕರಿ ಸುರಿದುಕೊಂಡು ತಿನ್ನುತ್ತೇವಲ್ವಾ, ನಾನು ಅದೇ ಅಭ್ಯಾಸದಲ್ಲಿ ತಿಳಿಯನ್ನೆಲ್ಲ ಶಾವಿಗೆ ಮೇಲೆ ಸುರಿಯಲು ಹೋದೆ. ಪಕ್ಕದ ಸ್ಟೂಲಿನಲ್ಲಿದ್ದ ಅಜ್ಜಿ ನನ್ನ ಕೈ ಹಿಡಿದೇ ನಿಲ್ಲಿಸಿದರು. ಒಂದು ತುತ್ತಿನಷ್ಟು ಶಾವಿಗೆ ತೆಗೆದು ಬಟ್ಟಲಿಗೆ ಅದ್ದಿ, ಎರಡು ಎಲೆ ಸೊಪ್ಪು ಸೇರಿಸಿ ತೋರಿಸಿದರು. ಸುರಿದರೆ ಎಲ್ಲ ಒಂದೇ ರುಚಿ ಆಗಿಬಿಡುತ್ತದೆ, ಅದ್ದಿದರೆ ಪ್ರತಿ ತುತ್ತೂ ಬೇರೆ. ಆ ಸ್ಟೂಲುಗಳ ಬಗ್ಗೆ ಮಾತ್ರ ಒಂದು ಮಾತು: ಅಂಗನವಾಡಿ ಮಕ್ಕಳಿಗೆ ಮಾಡಿಸಿದ ಅಳತೆ. ಮಂಡಿ ನೋವಿದ್ದವರು ಗೋಡೆ ಪಕ್ಕ ಕೂರಿ, ಏಳುವಾಗ ಹಿಡಿದುಕೊಳ್ಳಬಹುದು.

ಸೊಪ್ಪಂತೂ ಬುಟ್ಟಿಗಟ್ಟಲೆ ತಂದಿಡುತ್ತಾರೆ, ಎಲ್ಲ ಹಸಿ. ಮೊದಲ ದಿನ ಹೆದರಿ ಮುಟ್ಟಲಿಲ್ಲ, ಆಮೇಲೆ ಜಾಸ್ತಿ ಜನ ಇರುವ ಕಡೆ ಮಾತ್ರ ತಿಂದೆ, ಹೊಟ್ಟೆ ಕೆಡಲಿಲ್ಲ. ಚಾ ಕಾ ಅಂತ ಒಂದಿದೆ, ಅರಿಶಿನ ಹಚ್ಚಿದ ಮೀನನ್ನು ನಮ್ಮ ಮೇಜಿನ ಮೇಲೇ ಬಾಣಲೆಯಿಟ್ಟು ಹಿಡಿಹಿಡಿ ಸಬ್ಬಸಿಗೆ ಸೊಪ್ಪಿನ ಜೊತೆ ಬಾಡಿಸುವುದು. ಸಬ್ಬಸಿಗೆಯನ್ನು ಅಕ್ಕಿ ರೊಟ್ಟಿಗೆ ಬಿಟ್ಟು ಇನ್ನೇನಕ್ಕೂ ಯೋಚಿಸಿರದ ನನಗೆ ಅದು ಆಶ್ಚರ್ಯ.

ಬೋರ್ಡು ಓದುವುದು ಕಷ್ಟವಲ್ಲ, ಅಕ್ಷರ ಇಂಗ್ಲಿಷಿನದೇ. ಬೊ ಅಂದರೆ ದನ, ಗಾ ಕೋಳಿ, ಕಾ ಮೀನು, ಲೋನ್ ಹಂದಿ. ದಕ್ಷಿಣಕ್ಕೆ ಹೋದರೆ ಹಂದಿಗೆ ಹೇಓ ಅನ್ನುತ್ತಾರೆ. ನಾನು ಬೆಳಗ್ಗೆ ತಿಂದಿದ್ದೆಲ್ಲ ಫೋ ಗಾ.

ಕಷ್ಟಪಟ್ಟವನು ಜೊತೆಗಿದ್ದ ಮೈಸೂರಿನ ಗೆಳೆಯ, ಮೊಟ್ಟೆಯೂ ಮುಟ್ಟದವನು. ಸಸ್ಯಾಹಾರಕ್ಕೆ ಅಲ್ಲಿನ ಮಾತು 'ಚೈ'. ರಾಗ ಎಳೆಯದೆ ಸಮವಾಗಿ ಹೇಳಬೇಕು. ದನಿ ಏರಿಸಿದರೆ ಅದೇ ಪದ 'ಉರಿ', ಕೆಳಗೆ ಒತ್ತಿದರೆ 'ಓಡು'. ಇವನು ಪ್ರಶ್ನೆ ಕೇಳುವ ಧಾಟಿಯಲ್ಲಿ ದನಿ ಏರಿಸಿ "ಚೈ?" ಅಂತ ಎಷ್ಟು ಜನರಿಗೆ ಉರಿ ಉರಿ ಅಂದನೋ! ಆಮೇಲೆ ಫೋನಿನಲ್ಲಿ ಬರೆದು ತೋರಿಸತೊಡಗಿದ.

ಅದೂ ಸಾಲಲಿಲ್ಲ. ಬಾನ್ ಕುವಾನ್ ಅಂತ ಇದೆ, ಕುದಿಯುವ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಅಕ್ಕಿ ಹಿಟ್ಟು ಹರಡಿ ಆವಿಯಲ್ಲಿ ಬೇಯಿಸಿ ಕಡ್ಡಿಯಿಂದ ಎತ್ತುವುದು, ನೋಡಲು ಥೇಟ್ ನೀರು ದೋಸೆ. ಒಳಗೆ ಹಂದಿ ಕೈಮ ಇರುತ್ತದೆ. ಇವನು 'ಚೈ' ತೋರಿಸಿದ, ಖಾಲಿ ಹಾಳೆ ಸುತ್ತಿ ಹುರಿದ ಈರುಳ್ಳಿ ಉದುರಿಸಿ ಕೊಟ್ಟರು, ಖುಷಿಯಿಂದ ಎರಡು ತಟ್ಟೆ ತಿಂದ. ಅದ್ದಿಕೊಂಡ ತಿಳಿ ಮೀನಿನದು ಅಂತ ಗೊತ್ತಾಗಿದ್ದು ಆಮೇಲೆ. ಅಂಗಡಿಯವರ ತಪ್ಪಲ್ಲ, ಆ ತಿಂಡಿಗೆ ಚೈ ಅಂದರೆ ಸುಮ್ನೆ ಹೂರಣ ಇಲ್ಲದ್ದು ಅಂತಲೂ ಅರ್ಥ. ಹಳದಿ ಅಂಟಕ್ಕಿ ಅನ್ನದ ಮೇಲೆ ಹೆಸರುಬೇಳೆ ಉದುರಿಸಿ ಕೊಡುವ ಸೋಯ್ ಸೆಯೋ ನೋಡಿದರೆ ಪೊಂಗಲ್ ಹಾಗಿರುತ್ತದೆ, ಅದಕ್ಕೂ ಕೊನೆಗೊಂದು ಚಮಚ ಕೊಬ್ಬು ಹಾಕುತ್ತಾರೆ, ಕೈ ಅಡ್ಡ ಹಿಡಿಯಬೇಕು. 'ನೂಕ್ ಮಾಮ್' (ಮೀನಿನ ಸಾಸು) ಬೇಡ, ಸೋಯಾ ಸಾಸು ಕೊಡಿ ಅಂತ ಬರೆದಿಟ್ಟುಕೊಂಡ ಮೇಲೆ ಅವನಿಗೆ ನೆಮ್ಮದಿ.

ದುಡ್ಡಿನ ವಿಷಯ. 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ಸಂಜೆ ಮಬ್ಬಿನಲ್ಲಿ ಕಬ್ಬಿನ ಹಾಲಿಗೆ ಯಾವುದು ಕೊಟ್ಟೆ ಅಂತ ರಾತ್ರಿ ಲೆಕ್ಕ ಹಾಕಿದಾಗ ತಿಳಿಯಿತು, ಸುಮಾರು 1,600 ರೂಪಾಯಿಯ ಕಬ್ಬಿನ ಹಾಲು. ದೊಡ್ಡ ನೋಟು ಬೇರೆ ಜೇಬಿನಲ್ಲಿಡಿ.

ಕಾಫಿ ಬಗ್ಗೆ ಬರೆಯದಿದ್ದರೆ ಊರಿನವರು ಬೈಯುತ್ತಾರೆ. ರೊಬಸ್ಟಾ ಬೆಳೆಯುವುದರಲ್ಲಿ ವಿಯೆಟ್ನಾಂ ಪ್ರಪಂಚಕ್ಕೇ ಮೊದಲು, ನಮ್ಮ ತೋಟದಲ್ಲಿರುವುದೂ ರೊಬಸ್ಟಾ, ಹಾಗಾಗಿ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಕುಡಿದೆ. ಮೊಟ್ಟೆ ಕಾಫಿಯನ್ನು 1946ರಲ್ಲಿ, ಹಾಲು ಸಿಗದ ಕಾಲದಲ್ಲಿ, ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನುಯೆನ್ ವಾನ್ ಜಾಂಗ್ ಅನ್ನುವವರು ಶುರು ಮಾಡಿದ್ದಂತೆ. ಹಳದಿ ಲೋಳೆಯನ್ನು ಡಬ್ಬಿಯ ಸಿಹಿ ಗಟ್ಟಿ ಹಾಲಿನ (ಕಂಡೆನ್ಸ್ಡ್ ಮಿಲ್ಕ್) ಜೊತೆ ಕಡೆದು ಕಾಫಿ ಮೇಲೆ ತೇಲಿಬಿಡುತ್ತಾರೆ. ವಾಸನೆ ಬರುವುದಿಲ್ಲ. ಅಷ್ಟು ಸಿಹಿ ನನಗೆ ಒಂದು ಸಲಕ್ಕೆ ಸಾಕು, ಐಸ್ ಹಾಕಿದ ಕಪ್ಪು ಕಾಫಿಯೇ ಮೇಲು.

ಹೊರಡುವ ಹಿಂದಿನ ದಿನ ಹುಣ್ಣಿಮೆ. ಅವರ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ, ಬೌದ್ಧರು ತುಂಬ ಜನ ಮಾಂಸ ಬಿಡುತ್ತಾರೆ. 'ಕೋಮ್ ಚೈ' ಅಂತ ಬರೆದ ಒಂದು ಅಂಗಡಿಯಲ್ಲಿ ಕೂರಲು ಜಾಗ ಇರಲಿಲ್ಲ. ಗೆಳೆಯ ಗೆದ್ದವನ ಹಾಗೆ ಒಳಗೆ ನುಗ್ಗಿದ. ತಟ್ಟೆ ಬಂತು, ಅದರಲ್ಲಿ ಸೋಯಾದಿಂದ ಮಾಡಿದ ಹಂದಿ ತುಂಡು, ಚರ್ಮದ ಪದರ ಸಮೇತ ಹಂದಿಯದೇ ರೂಪ. ಅವನು ಐದು ನಿಮಿಷ ಅದನ್ನೇ ನೋಡಿದ, ಆಮೇಲೆ ತಟ್ಟೆ ನನ್ನ ಕಡೆ ತಳ್ಳಿ, "ನೀನೇ ತಿನ್ನು ಮಾರಾಯ" ಅಂದು ಬರೀ ಅನ್ನ ತೋಫು ತಿಂದು ಎದ್ದ.