ಶಿರಾಜ್ ಕೊಯ್ದು ಶೆನಿನ್ ಕಸಿ ಕಟ್ಟಿದ್ದು

ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮದು ಆರು ಎಕರೆ ದ್ರಾಕ್ಷಿ ಪಡ. ನಾಲ್ಕು ಎಕರೆ ಥಾಮ್ಸನ್ ತಳಿ, ಒಣದ್ರಾಕ್ಷಿಗೆ. ಉಳಿದ ಎರಡಕ್ಕೆ ಕೆಂಪು ವೈನ್ ಮಾಡುವ ಶಿರಾಜ್ ತಳಿ ಹಚ್ಚಿದ್ದೆ. 2007ರಲ್ಲಿ ರಾಜ್ಯದ ವೈನ್ ನೀತಿ ಬಂದಿತ್ತು. ಎಲ್ಲರ ಬಾಯಲ್ಲೂ ಕೆಂಪು ವೈನಿನ ಮಾತೇ. ವೈನ್ ಕಂಪನಿಯೊಂದು ಒಪ್ಪಂದ ಮಾಡಿಕೊಂಡಿತು. ಹತ್ತು ವರ್ಷ ಚೆನ್ನಾಗಿಯೇ ನಡೆಯಿತು.

ಒಂದು ಫೆಬ್ರುವರಿಯಲ್ಲಿ ಹಣ್ಣಿಗೆ ಸಕ್ಕರೆ ತುಂಬಿ ನಿಂತಾಗ ಕಂಪನಿಯಿಂದ ಫೋನ್ ಬಂತು. "ಈ ಸಲ ಅರ್ಧ ಸಾಕ್ರೀ ಅಣ್ಣಾರ. ಹೋದ ವರ್ಷದ ಕೆಂಪು ವೈನ್ ಟ್ಯಾಂಕಿನಾಗ ಹಂಗ ಐತಿ." ವೈನ್ ದ್ರಾಕ್ಷಿಯನ್ನು ಸಂತೆಗೆ ಒಯ್ದರೆ ಯಾರೂ ಮುಟ್ಟುವುದಿಲ್ಲ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಅರ್ಧ ಮಾಲು ಬಳ್ಳಿಯಲ್ಲೇ ಕೊಳೆಯಿತು. ಆ ವಾಸನೆ ಇನ್ನೂ ಮರೆತಿಲ್ಲ.

ಅಲ್ಲಿವರೆಗೆ ನಾನು ದರ ಮಾತ್ರ ಕೇಳುತ್ತಿದ್ದೆ. ಆಮೇಲೆ ಜನ ಏನು ಕುಡಿಯುತ್ತಾರೆ, ಯಾಕೆ ಕುಡಿಯುತ್ತಾರೆ ಅಂತ ಓದತೊಡಗಿದೆ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಿರಬಹುದು ಎಂದು 1991ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ಹೇಳಿತು. ಅಲ್ಲಿ ಅದರ ಮಾರಾಟ ಒಮ್ಮೆಲೇ ಏರಿತು. ಚೀನಾದಲ್ಲಿ ಕೆಂಪು ಶುಭದ ಬಣ್ಣ. ದೊಡ್ಡವರಿಗೆ ಉಡುಗೊರೆ ಅಂದರೆ ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನ್ ಬಾಟಲಿ. 2012ರ ಕೊನೆಗೆ ಅಲ್ಲಿನ ಸರ್ಕಾರ ಅಧಿಕಾರಿಗಳ ಉಡುಗೊರೆ, ಔತಣಕ್ಕೆ ಕಡಿವಾಣ ಹಾಕಿತು. ದುಬಾರಿ ಬಾಟಲಿಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಬೋರ್ಡೋ ರೈತ ಏನು ತಪ್ಪು ಮಾಡಿದ್ದ, ಹೇಳಿ?

ಜಗತ್ತಿನಲ್ಲಿ ಕೆಂಪು ವೈನ್ ಕುಡಿಯುವುದು 2007ರ ಸುಮಾರಿಗೆ ಏರಿ ನಿಂತು, ಆಮೇಲೆ ಇಳಿಯುತ್ತಾ ಬಂದಿದೆ. ನಾನು ಸಸಿ ಹಚ್ಚಿದ್ದೇ ಆ ಹೊತ್ತಿಗೆ. ಈಗ ತಣ್ಣಗಿನ ಬಿಳಿ ವೈನ್, ಗುಳ್ಳೆ ಏಳುವ ವೈನ್ ಕೇಳುವವರು ಜಾಸ್ತಿ. ಮಾರಾಟವಾಗದ ವೈನನ್ನು ನಾಶ ಮಾಡಲು ಫ್ರಾನ್ಸ್ 2023ರಲ್ಲಿ 20 ಕೋಟಿ ಯೂರೋ ತೆಗೆದಿಟ್ಟಿತು. ಅದನ್ನು ಓದಿದ ದಿನವೇ ಒಂದು ಎಕರೆಯನ್ನು ಬಿಳಿ ವೈನಿನ ತಳಿಗೆ ತಿರುಗಿಸುವ ನಿರ್ಧಾರ ಮಾಡಿದೆ.

ನಮ್ಮ ಬಳ್ಳಿಗಳ ಬೇರು ಡಾಗ್‌ರಿಡ್ಜ್ ಎಂಬ ಬೇರೆ ತಳಿಯದು, ನಮ್ಮ ಸವಳು ನೀರಿಗೂ ತಡೆಯುತ್ತದೆ. ಅದನ್ನು ಕೀಳಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಎಕರೆ ಶಿರಾಜನ್ನು ಮೊಣಕಾಲೆತ್ತರಕ್ಕೆ ಕೊಯ್ದೆವು. ಕಾಂಡ ಸೀಳಿ, ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ ತಳಿಯ ಎರಡು ಕಣ್ಣಿನ ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದೆವು. ಶೆನಿನ್ ಬಿಳಿ ವೈನಿಗೂ ಆಗುತ್ತದೆ, ಗುಳ್ಳೆ ವೈನಿಗೂ ಆಗುತ್ತದೆ. ಮೊದಲ ವರ್ಷ ಆ ಎಕರೆಯಲ್ಲಿ ಬೆಳೆ ಇಲ್ಲ. ಆ ವರ್ಷ ಮನೆ ನಡೆಸಿದ್ದು ಒಣದ್ರಾಕ್ಷಿ.

ಇನ್ನೊಂದು ಎಕರೆ ಶಿರಾಜನ್ನು ಹಾಗೇ ಇಟ್ಟಿದ್ದೇನೆ. ಅದರಿಂದ ಗುಲಾಬಿ ಬಣ್ಣದ ರೋಸೆ ವೈನ್ ಮಾಡುತ್ತಾರೆ. ಅದಕ್ಕೆ ಸಕ್ಕರೆ ಪೂರ್ತಿ ಏರುವ ಮೊದಲೇ, ಹುಳಿ ಇರುವಾಗಲೇ ಕೊಯ್ದು ಕಳಿಸುತ್ತೇವೆ.